ಮನೆ ನೋಡಲು ಥೆರಪಿಸ್ಟ್ ಬರುತ್ತಾರಾ? ಮನೆಯನ್ನು ಇದ್ದ ಹಾಗೆಯೇ ತೋರಿಸಿ

ಮನೆಗೆ ಹೊಸಬರು ಬರುತ್ತಾರೆ ಅಂದರೆ ನಮ್ಮಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬೆಳಗ್ಗೆಯೇ ಹಾಲ್ ಗುಡಿಸಿ ಒರೆಸಿ ಆಗುತ್ತದೆ. ಅಲ್ಲಿ ಇಲ್ಲಿ ಬಿದ್ದಿದ್ದ ಸಾಮಾನೆಲ್ಲ ಒಳಕೋಣೆಗೆ ಹೋಗುತ್ತದೆ. ಅಡುಗೆಮನೆಯಲ್ಲಿ ಎಣ್ಣೆ ಕಾಯುತ್ತಿರುತ್ತದೆ. ಬಂದವರ ಮುಂದೆ ಮನೆ ಚೆಂದ ಕಾಣಬೇಕು, ಅದು ಮರ್ಯಾದೆಯ ವಿಷಯ.

ಆದರೆ ಒಬ್ಬರು ಬರುವಾಗ ಮಾತ್ರ ಹೀಗೆ ಮಾಡಬಾರದು. ಅವರೇ ಆಕ್ಯುಪೇಶನಲ್ ಥೆರಪಿಸ್ಟ್. ತೊಡೆಯ ಮೂಳೆ ಮುರಿದು ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಆಗಿ, ತಲಪಾಡಿ ದಾಟಿ ಉಪ್ಪಳದ ಅಥವಾ ಮಂಜೇಶ್ವರದ ಮನೆಗೆ ವಾಪಸ್ ಬಂದ ಉಮ್ಮ ಇನ್ನೊಮ್ಮೆ ಬೀಳದ ಹಾಗೆ ಮನೆಯಲ್ಲಿ ಏನು ಬದಲಿಸಬೇಕು ಅಂತ ನೋಡಲು ಅವರು ಬರುತ್ತಾರೆ. ಅವರಿಗೆ ಬೇಕಾದದ್ದು ಉಮ್ಮ ದಿನಾ ನಡೆದಾಡುವ ಮನೆ. ಅತಿಥಿಗಳಿಗೆ ತೋರಿಸುವ ಮನೆ ನೋಡಿ ಹೋದರೆ ಅವರು ಬಂದೂ ಪ್ರಯೋಜನವಿಲ್ಲ.

ಈ ಭೇಟಿಗೆ ಹೇಗೆ ತಯಾರಾಗಬೇಕು, ಏನು ಕೇಳಬೇಕು, ಆಮೇಲೆ ಏನು ಮಾಡಬೇಕು ಅನ್ನುವ ವಿವರ ಇಲ್ಲಿದೆ.

ಇವರು ಯಾರು?

ಆಸ್ಪತ್ರೆಯಲ್ಲಿ ಇವರನ್ನು ಚುಟುಕಾಗಿ 'ಒಟಿ' ಅನ್ನುತ್ತಾರೆ. ಆಪರೇಶನ್ ಥಿಯೇಟರ್ ಅಂತ ತಿಳಿದು ಗಾಬರಿಯಾಗುವವರೂ ಇದ್ದಾರೆ, ಅದು ಬೇರೆ ಇದು ಬೇರೆ. ಫಿಸಿಯೋಥೆರಪಿಸ್ಟ್ ಮುಖ್ಯವಾಗಿ ಸ್ನಾಯುಗಳ ಬಲ, ಕೀಲುಗಳ ಚಲನೆ, ನಡಿಗೆ ನೋಡುತ್ತಾರೆ. ಆಕ್ಯುಪೇಶನಲ್ ಥೆರಪಿಸ್ಟ್ ನೋಡುವುದು ದಿನನಿತ್ಯದ ಕೆಲಸ. ಹಾಸಿಗೆಯಿಂದ ಏಳುವುದು, ಟಾಯ್ಲೆಟಿಗೆ ಹೋಗುವುದು, ಸ್ನಾನ, ಬಟ್ಟೆ ಹಾಕುವುದು, ಚಹಾ ಮಾಡುವುದು, ನಮಾಝ್ ಮಾಡುವುದು. ಇದನ್ನೆಲ್ಲ ಈ ಮನುಷ್ಯ ಈ ಮನೆಯಲ್ಲಿ ಅಪಾಯವಿಲ್ಲದೆ ಮಾಡಬಲ್ಲರಾ, ಇಲ್ಲದಿದ್ದರೆ ಮನೆಯಲ್ಲಿ ಅಥವಾ ಮಾಡುವ ರೀತಿಯಲ್ಲಿ ಏನು ಬದಲಾಗಬೇಕು ಅನ್ನುವುದು ಅವರ ಪ್ರಶ್ನೆ.

ನಮ್ಮ ದೇಶದಲ್ಲಿ ಇದು ಹೊಸ ವೃತ್ತಿಯಲ್ಲ. ಅಖಿಲ ಭಾರತ ಆಕ್ಯುಪೇಶನಲ್ ಥೆರಪಿಸ್ಟರ ಸಂಘ ಶುರುವಾದದ್ದು 1952ರಲ್ಲಿ. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲೂ ಇದು ಸೇರಿದೆ. ನಮಗೆ ಹತ್ತಿರದ ಮಣಿಪಾಲದಲ್ಲಿ ಈ ಪದವಿ ಕೋರ್ಸ್ ಇದೆ. ಕೇರಳದಲ್ಲಿ ಇರಿಂಞಾಲಕುಡದ ಬಳಿಯ ನಿಪ್ಮರ್ ಸಂಸ್ಥೆಯಲ್ಲೂ ಕಲಿಸುತ್ತಾರೆ. ಆದರೂ ಇವರ ಸಂಖ್ಯೆ ಕಡಿಮೆ, ಅದರಲ್ಲೂ ಮನೆಗೆ ಬರುವವರು ಇನ್ನೂ ಕಡಿಮೆ. ಆದ್ದರಿಂದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ಮೊದಲೇ ಕೇಳಬೇಕು. 'ಇಲ್ಲಿ ಆಕ್ಯುಪೇಶನಲ್ ಥೆರಪಿ ವಿಭಾಗ ಇದೆಯಾ, ಮನೆಗೆ ಬಂದು ನೋಡುತ್ತಾರಾ, ಗಡಿಯ ಆಚೆ ಬರುತ್ತಾರಾ, ಫೀಸ್ ಎಷ್ಟು' ಅಂತ ನೇರವಾಗಿ ಕೇಳಿ. ಮನೆಗೆ ಬರಲಾಗದಿದ್ದರೆ ವಿಡಿಯೋ ಕಾಲ್‌ನಲ್ಲಿ ಮನೆ ನೋಡಬಹುದಾ ಅಂತಲೂ ಕೇಳಿ.

ಕಾಸರಗೋಡು ಜಿಲ್ಲೆಯಲ್ಲಿರುವವರಿಗೆ ಇನ್ನೊಂದು ದಾರಿ ಇದೆ. ಕೇರಳದಲ್ಲಿ ಪಂಚಾಯತ್ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಪಾಲಿಯೇಟಿವ್ ನರ್ಸ್ ಹಾಸಿಗೆ ಹಿಡಿದವರ ಮನೆಗೆ ಬರುತ್ತಾರೆ. ಅವರು ಥೆರಪಿಸ್ಟ್ ಅಲ್ಲ, ಆದರೆ ಯಾರನ್ನು ಸಂಪರ್ಕಿಸಬೇಕು ಅಂತ ಅವರಿಗೆ ಗೊತ್ತಿರುತ್ತದೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಹತ್ತಿರ ಮೊದಲು ಮಾತಾಡಿ. ಕೇರಳದ 'ದಿಶಾ' ಆರೋಗ್ಯ ಸಹಾಯವಾಣಿಯ ನಂಬರ್ 1056. ಹಿರಿಯ ನಾಗರಿಕರಿಗಾಗಿ ದೇಶಕ್ಕೆಲ್ಲ ಇರುವ ಎಲ್ಡರ್‌ಲೈನ್ ನಂಬರ್ 14567, ಎರಡೂ ರಾಜ್ಯದವರು ಕರೆ ಮಾಡಬಹುದು.

ಇಷ್ಟೆಲ್ಲ ಯಾಕೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅದರಲ್ಲಿ ಹೆಚ್ಚಿನವರು 60 ದಾಟಿದವರು. ಸಾಯದವರ ಕಷ್ಟವೂ ಸಣ್ಣದಲ್ಲ. ಒಮ್ಮೆ ಬಿದ್ದವರಿಗೆ ಹೆದರಿಕೆ ಹತ್ತುತ್ತದೆ. ಹೆದರಿಕೆಯಿಂದ ನಡೆಯುವುದು ಕಡಿಮೆ ಮಾಡುತ್ತಾರೆ, ನಡೆಯದೆ ಕಾಲಿನ ಬಲ ಇಳಿಯುತ್ತದೆ, ಬಲ ಇಳಿದು ಮತ್ತೆ ಬೀಳುತ್ತಾರೆ.

ಮನೆಯಲ್ಲಿರುವ ಅಪಾಯಗಳನ್ನು ಸರಿಪಡಿಸಿದರೆ ಎಷ್ಟು ಉಪಯೋಗ ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ 2023ರಲ್ಲಿ ಬಂತು. ಬೀಳುವುದು ಒಟ್ಟಾರೆ 26% ಕಡಿಮೆಯಾಗಿತ್ತು. ಇತ್ತೀಚೆಗೆ ಬಿದ್ದವರು, ಆಸ್ಪತ್ರೆಯಿಂದ ಬಂದವರಂಥ ಹೆಚ್ಚು ಅಪಾಯದಲ್ಲಿದ್ದವರಲ್ಲಿ 38% ಕಡಿಮೆ. ಅಂದರೆ ಯಾರಿಗೆ ನಿಜವಾಗಿ ಬೇಕೋ ಅವರಿಗೇ ಹೆಚ್ಚು ಲಾಭ.

ಬರುವ ಮೊದಲಿನ ವಾರ: ಒಂದು ಪುಸ್ತಕ, ಒಂದು ಪೆನ್

ಥೆರಪಿಸ್ಟ್ ಮನೆಯಲ್ಲಿರುವುದು ಒಂದು ಒಂದೂವರೆ ಗಂಟೆ, ಅದೂ ಹಗಲಿನಲ್ಲಿ. ಉಳಿದ ಹೊತ್ತು ಏನಾಗುತ್ತದೆ ಅಂತ ನೀವೇ ಹೇಳಬೇಕು. ಮನೆಯ ಹುಡುಗರು, ಹುಡುಗಿಯರು ಈ ಕೆಲಸ ವಹಿಸಿಕೊಳ್ಳಬಹುದು. ನಾಲ್ಕೈದು ದಿನ ಇಷ್ಟನ್ನು ಬರೆದಿಡಿ:

- ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದರು, ಎಲ್ಲಿ, ಯಾವ ಹೊತ್ತಿಗೆ, ಆಗ ಏನು ಮಾಡುತ್ತಿದ್ದರು.
- ಬೀಳಲು ಹೋಗಿ ಗೋಡೆಯನ್ನೋ ಬಾಗಿಲನ್ನೋ ಹಿಡಿದು ಉಳಿದದ್ದು ಎಷ್ಟು ಸಲ.
- ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ಲೈಟ್ ಹಾಕುತ್ತಾರಾ, ಯಾರನ್ನಾದರೂ ಎಬ್ಬಿಸುತ್ತಾರಾ.
- ಯಾವ ಕೆಲಸ ತಾನಾಗಿ ಮಾಡುತ್ತಾರೆ, ಯಾವುದಕ್ಕೆ ಕೈ ಕೊಡಬೇಕು, ಯಾವುದನ್ನು ಈಗ ಬಿಟ್ಟೇ ಬಿಟ್ಟಿದ್ದಾರೆ.
- ಯಾವ ಕೆಲಸ ಮತ್ತೆ ಮಾಡಬೇಕು ಅಂತ ಅವರಿಗೆ ಆಸೆ ಇದೆ.

ಕೊನೆಯದ್ದನ್ನು ಮರೆಯಬೇಡಿ. ಸುಮ್ಮನೆ 'ಚೆನ್ನಾಗಿ ನಡೆಯಬೇಕು' ಅಂದರೆ ಸಾಲದು. 'ಅಡುಗೆಮನೆಗೆ ಹೋಗಿ ನನ್ನ ಚಹಾ ನಾನೇ ಮಾಡಬೇಕು', 'ಪಕ್ಕದ ಮನೆಗೆ ಹೋಗಿ ತಂಗಿಯ ಹತ್ತಿರ ಕೂತು ಬರಬೇಕು' ಅನ್ನುವಂಥದ್ದು ಹೇಳಿದರೆ ಥೆರಪಿಸ್ಟ್ ಆ ಗುರಿ ಇಟ್ಟುಕೊಂಡೇ ಮನೆ ನೋಡುತ್ತಾರೆ.

ಜೊತೆಗೆ ಒಂದು ಕವರಿನಲ್ಲಿ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಈಗ ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ ಇಡಿ. ಬಿಪಿ ಮಾತ್ರೆ, ನಿದ್ರೆ ಮಾತ್ರೆಗಳಿಂದ ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದುಂಟು, ಆದ್ದರಿಂದ ಮಾತ್ರೆಗಳ ಮಾಹಿತಿ ಬೇಕೇ ಬೇಕು. ಕನ್ನಡಕ, ಶ್ರವಣ ಯಂತ್ರ, ಊರುಗೋಲು, ವಾಕರ್, ದಿನಾ ಹಾಕುವ ಚಪ್ಪಲಿ ಎಲ್ಲವೂ ಕೈಗೆ ಸಿಗುವ ಹಾಗಿರಲಿ. ಉಪಯೋಗಿಸದೆ ಮೂಲೆಯಲ್ಲಿಟ್ಟ ವಾಕರ್ ಇದ್ದರೆ ಅದನ್ನೂ ತೋರಿಸಿ. ಯಾಕೆ ಉಪಯೋಗಿಸುತ್ತಿಲ್ಲ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಎತ್ತರ ಸರಿಯಿಲ್ಲದೆ ಇರಬಹುದು, ಬಾಗಿಲಲ್ಲಿ ಹೋಗದೆ ಇರಬಹುದು, ನಾಚಿಕೆಯೂ ಇರಬಹುದು.

ಅಡಗಿಸಬೇಡಿ: ಸಾಮಾನನ್ನೂ, ಬಿದ್ದ ಸುದ್ದಿಯನ್ನೂ

ಆ ದಿನ ಮನೆಯನ್ನು ವಿಶೇಷವಾಗಿ ಜೋಡಿಸಬೇಡಿ. ಕಾಲೊರೆಸು ಎಲ್ಲಿರುತ್ತದೋ ಅಲ್ಲೇ ಇರಲಿ. ಫ್ರಿಜ್ಜಿನ ಹತ್ತಿರ ಎಕ್ಸ್‌ಟೆನ್ಶನ್ ವಯರ್ ಅಡ್ಡ ಬಿದ್ದಿದ್ದರೆ ಹಾಗೇ ಇರಲಿ. ಮೊಮ್ಮಕ್ಕಳ ಸೈಕಲ್ ಹಜಾರದಲ್ಲಿ ನಿಲ್ಲುತ್ತದಾದರೆ ಅಲ್ಲೇ ನಿಲ್ಲಲಿ. ಸ್ನಾನವಾದ ಮೇಲೆ ಬಾತ್‌ರೂಮ್ ಎಷ್ಟು ಒದ್ದೆ ಇರುತ್ತದೆ ಅಂತಲೂ ಅವರು ನೋಡಲಿ. ಅವರು ತಪಾಸಣೆಗೆ ಬಂದ ಅಧಿಕಾರಿಯಲ್ಲ, ಮಾರ್ಕ್ ಕೊಡುವುದಿಲ್ಲ, ಹೊರಗೆ ಹೋಗಿ ಯಾರಿಗೂ ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ. ನಮ್ಮ ಹಿರಿಯರು ಬಿದ್ದದ್ದನ್ನು ಹೇಳುವುದಿಲ್ಲ. ಬಾತ್‌ರೂಮಿನಲ್ಲಿ ಜಾರಿ ಕೂತದ್ದು, ಮೊಣಕೈ ತರಚಿದ್ದು ಎಲ್ಲ ತೋಳಿನ ಬಟ್ಟೆಯಡಿ ಮುಚ್ಚಿಹೋಗುತ್ತದೆ. 'ಹೇಳಿದರೆ ಅಡುಗೆಮನೆಗೆ ಬಿಡುವುದಿಲ್ಲ, ಕೋಣೆಯಲ್ಲೇ ಕೂರಿಸುತ್ತಾರೆ, ಗಲ್ಫಿನಲ್ಲಿರುವ ಮಗನಿಗೆ ಟೆನ್ಶನ್ ಆಗುತ್ತದೆ' ಅನ್ನುವ ಹೆದರಿಕೆ ಅವರದ್ದು. ಈ ಹೆದರಿಕೆಗೆ ಕಾರಣ ನಾವೇ. ಬಿದ್ದರು ಅಂತ ಗೊತ್ತಾದ ಕೂಡಲೇ 'ಇನ್ನು ಏಳಬೇಡಿ, ಕೂತಲ್ಲೇ ಕೂತಿರಿ' ಅನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ಆದರೆ ಅವರಿಗೆ ಅದು ಶಿಕ್ಷೆಯ ಹಾಗೆ ಕೇಳಿಸುತ್ತದೆ.

ಆದ್ದರಿಂದ ಥೆರಪಿಸ್ಟ್ ಬರುವ ಮೊದಲು ಉಮ್ಮನ ಅಥವಾ ಉಪ್ಪನ ಹತ್ತಿರ ಕೂತು ಹೇಳಿ: 'ನಿಮ್ಮನ್ನು ಕಟ್ಟಿಹಾಕಲು ಅಲ್ಲ, ನಿಮ್ಮ ಕೆಲಸ ನೀವೇ ಮಾಡಿಕೊಳ್ಳುವ ಹಾಗೆ ಆಗಲಿ ಅಂತ ಕರೆಸುತ್ತಿರುವುದು.' ಅವರ ಒಪ್ಪಿಗೆ ಇಲ್ಲದೆ ದಿನ ನಿಗದಿ ಮಾಡಬೇಡಿ. ಮನೆ ನಿಮ್ಮ ಹೆಸರಿನಲ್ಲಿರಬಹುದು, ಬೀಳುವ ದೇಹ ಅವರದ್ದು.

ಜಾಗ ಜಾಗದಲ್ಲಿ ಏನು ನೋಡುತ್ತಾರೆ?

ಥೆರಪಿಸ್ಟ್ ಹೊಸ್ತಿಲ ಹೊರಗಿನಿಂದಲೇ ಶುರು ಮಾಡುತ್ತಾರೆ. ಬರೀ ಜಾಗ ನೋಡುವುದಿಲ್ಲ, 'ಎದ್ದು ತೋರಿಸಿ, ಕೂತು ತೋರಿಸಿ' ಅನ್ನುತ್ತಾರೆ.

ಅಂಗಳ ಮತ್ತು ಮೆಟ್ಟಿಲು: ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಕೆಂಪುಕಲ್ಲು, ಸಿಮೆಂಟ್ ಎಲ್ಲ ಪಾಚಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಭೇಟಿ ಇದ್ದರೆ ಮಳೆಗಾಲದಲ್ಲಿ ಎಲ್ಲಿ ಜಾರುತ್ತದೆ ಅಂತ ನೀವೇ ಹೇಳಿ. ಸಿಟೌಟ್‌ಗೆ ಎಷ್ಟು ಮೆಟ್ಟಿಲು, ಪ್ರತಿಯೊಂದು ಎಷ್ಟು ಎತ್ತರ ಅಂತ ಅಳೆದಿಡಿ. ರ್‍ಯಾಂಪ್ ಮಾಡಿಸುವ ಯೋಚನೆ ಇದ್ದರೆ ಒಂದು ಲೆಕ್ಕ ನೆನಪಿರಲಿ. ಒಂದು ಇಂಚು ಎತ್ತರಕ್ಕೆ ಕನಿಷ್ಠ ಒಂದು ಅಡಿ ಉದ್ದದ ಇಳಿಜಾರು ಬೇಕು. 6 ಇಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ ಆಯಿತು. ಅಷ್ಟು ಜಾಗ ಇಲ್ಲದೆ ಮೇಸ್ತ್ರಿ ಕಡಿದಾಗಿ ಕಟ್ಟಿಬಿಟ್ಟರೆ ಅದು ಮೆಟ್ಟಿಲಿಗಿಂತ ಅಪಾಯ. ಜಾಗ ಸಾಲದಿದ್ದಾಗ ಎರಡೂ ಬದಿ ಕೈಹಿಡಿ, ಅಥವಾ ಮಧ್ಯೆ ಅರ್ಧ ಮೆಟ್ಟಿಲು ಸಾಕು ಅಂತ ಥೆರಪಿಸ್ಟ್ ಹೇಳಬಹುದು.

ಹಾಲ್ ಮತ್ತು ಬಾಗಿಲು: ಹೊಸ ಮನೆಗಳಲ್ಲಿ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸ್. ನೋಡಲು ಚೆಂದ, ಒಂದು ಚೆಂಬು ನೀರು ಬಿದ್ದರೆ ಕಣ್ಣಿಗೇ ಕಾಣುವುದಿಲ್ಲ. ಗಾಲಿಕುರ್ಚಿ ಬೇಕಾಗುವವರಿದ್ದರೆ ಪ್ರತಿ ಬಾಗಿಲಿನ ಅಗಲ ಅಳೆಯಿರಿ. ಚೌಕಟ್ಟಿನ ಒಳಗಿನ ಅಳತೆ ಮುಖ್ಯ. ಬಾತ್‌ರೂಮಿನ ಬಾಗಿಲು ಸಾಮಾನ್ಯವಾಗಿ ಎಲ್ಲಕ್ಕಿಂತ ಕಿರಿದು. ಗಾಲಿಕುರ್ಚಿ ಕೊಂಡ ಮೇಲೆ ಅದು ಒಳಗೆ ಹೋಗುವುದಿಲ್ಲ ಅಂತ ಗೊತ್ತಾಗಬಾರದು.

ಬಾತ್‌ರೂಮ್: ಹೆಚ್ಚು ಹೊತ್ತು ನೋಡುವುದು ಇಲ್ಲೇ. ನೆಲ ಒದ್ದೆ, ಜಾಗ ಚಿಕ್ಕದು, ಬಾಗಿಲು ಒಳಗಿಂದ ಬೋಲ್ಟ್. ನೆಲಮಟ್ಟದ ಟಾಯ್ಲೆಟ್ ಇದ್ದರೆ ಕುಕ್ಕರುಗಾಲಲ್ಲಿ ಕೂತು ಏಳಲು ಆಗುತ್ತದಾ ಅಂತ ನೋಡುತ್ತಾರೆ. ಆಗದಿದ್ದರೆ ಇಡೀ ಬಾತ್‌ರೂಮ್ ಒಡೆಯಬೇಕು ಅಂತಿಲ್ಲ, ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಟವೆಲ್ ಹಾಕುವ ರಾಡನ್ನೋ ನಲ್ಲಿಯನ್ನೋ ಹಿಡಿದು ಏಳುವ ಅಭ್ಯಾಸ ಇದ್ದರೆ ಹೇಳಿ. ಅವು ಮನುಷ್ಯನ ಭಾರ ತಡೆಯುವುದಿಲ್ಲ. ಗೋಡೆಗೆ ಗಟ್ಟಿಯಾಗಿ ಕೂರಿಸುವ ಗ್ರ್ಯಾಬ್ ಬಾರ್ ಬೇಕು, ಅದನ್ನು ಎಲ್ಲಿ ಎಷ್ಟು ಎತ್ತರದಲ್ಲಿ ಹಾಕಬೇಕು ಅಂತ ಥೆರಪಿಸ್ಟ್ ಆ ವ್ಯಕ್ತಿಯನ್ನು ಕೂರಿಸಿ ಏಳಿಸಿ ಗುರುತು ಹಾಕಿಕೊಡುತ್ತಾರೆ. ಅವರು ಬರುವ ಮೊದಲೇ ಅಂದಾಜಿನಲ್ಲಿ ಟೈಲ್ಸ್ ಕೊರೆಸಬೇಡಿ. ಬಾಗಿಲು ಒಳಕ್ಕೆ ತೆರೆಯುತ್ತದಾದರೆ, ಒಳಗೆ ಬಿದ್ದವರು ಅದಕ್ಕೇ ಅಡ್ಡ ಬಿದ್ದಿದ್ದರೆ ತೆರೆಯುವುದು ಹೇಗೆ ಅಂತಲೂ ಕೇಳಿ.

ವುಝೂ ಮಾಡುವ ಜಾಗ: ಇದನ್ನು ನಾವೇ ಎತ್ತಿ ಹೇಳದಿದ್ದರೆ ಥೆರಪಿಸ್ಟ್‌ಗೆ ಗೊತ್ತಾಗದೆ ಹೋಗಬಹುದು. ದಿನಕ್ಕೆ ಐದು ಹೊತ್ತು, ಒದ್ದೆ ನೆಲದಲ್ಲಿ ಬಗ್ಗಿ, ಒಂದು ಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ವಾಶ್‌ಬೇಸಿನ್‌ಗೆ ಎತ್ತುವುದು ಅಂದರೆ ಆರೋಗ್ಯವಂತರಿಗೂ ಸಮತೋಲನದ ಪರೀಕ್ಷೆ. ಸುಬಹಿಗೆ ನಿದ್ದೆಗಣ್ಣಲ್ಲಿ ಏಳುವಾಗ, ರಮಝಾನ್‌ನಲ್ಲಿ ಸಹರಿಗೆ ಏಳುವಾಗ ಇನ್ನೂ ಕಷ್ಟ. ಹೇಗೆ ಮಾಡುತ್ತಾರೆ ಅಂತ ಮಾಡಿಯೇ ತೋರಿಸಲಿ. ಕೂತು ಮಾಡಲು ಜಾರದ ಕಾಲುಗಳ ಗಟ್ಟಿ ಸ್ಟೂಲ್, ಕೈಗೆಟಕುವ ನಲ್ಲಿ ಅಥವಾ ಉದ್ದ ಹಿಡಿಯ ಮಗ್, ಕಾಲೊರೆಸಲು ಹತ್ತಿರವೇ ಬಟ್ಟೆ. ಇಷ್ಟರಲ್ಲೇ ದೊಡ್ಡ ಅಪಾಯ ತಪ್ಪುತ್ತದೆ. ನಮಾಝ್‌ನ ಜಾಗವನ್ನೂ ತೋರಿಸಿ. ಮುಸಲ್ಲಾದ ಅಂಚು ಮಡಚಿಕೊಂಡು ಕಾಲಿಗೆ ತಾಗುತ್ತದಾ, ಸುಜೂದ್‌ನಿಂದ ಏಳುವಾಗ ತಲೆ ತಿರುಗುತ್ತದಾ ಅಂತ ಹೇಳಿ. ಕುರ್ಚಿಯಲ್ಲಿ ನಮಾಝ್ ಮಾಡುವುದಾದರೆ ಯಾವ ಎತ್ತರದ ಕುರ್ಚಿ ಅಂತ ಥೆರಪಿಸ್ಟ್ ಹೇಳುತ್ತಾರೆ, ಮಸ್‌ಅಲದ ವಿಷಯ ಉಸ್ತಾದರ ಹತ್ತಿರ ಕೇಳಿಕೊಳ್ಳಿ.

ಮಲಗುವ ಕೋಣೆ: ಮಂಚದ ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತೀರಾ ತಗ್ಗಿದ್ದರೆ ಏಳಲು ಕಷ್ಟ, ತೀರಾ ಎತ್ತರವಿದ್ದರೆ ಜಾರುತ್ತಾರೆ. ಸೊಂಟದ ಕೀಲು ಬದಲಿಸಿದವರಿಗೆ ತಗ್ಗಿನಲ್ಲಿ ಕೂರಬಾರದು ಅಂತ ಡಾಕ್ಟರ್ ಹೇಳಿದ್ದರೆ ಅದನ್ನು ತಿಳಿಸಿ. ಹಾಸಿಗೆಯಿಂದ ಲೈಟಿನ ಸ್ವಿಚ್ ಎಷ್ಟು ದೂರ, ಟಾಯ್ಲೆಟಿಗೆ ಎಷ್ಟು ಹೆಜ್ಜೆ, ಕರೆಂಟ್ ಹೋದರೆ ಏನು ಅಂತಲೂ ನೋಡಬೇಕು. ಮಲಗುವ ಕೋಣೆ ಮಹಡಿಯಲ್ಲಿದ್ದರೆ ಕೆಲವು ತಿಂಗಳಿಗಾದರೂ ಕೆಳಗೆ ತರುವ ಮಾತು ಬರಬಹುದು. ಯಾರ ಕೋಣೆ ಬಿಟ್ಟುಕೊಡಬೇಕು ಅಂತ ಮನೆಯವರು ಮೊದಲೇ ಮಾತಾಡಿಕೊಂಡಿರಿ.

ಅಡುಗೆಮನೆ: 'ಈಗ ಅಡುಗೆ ಮಾಡುವುದಿಲ್ಲ' ಅಂತ ಸೊಸೆಯೋ ಮಗಳೋ ಹೇಳಿಬಿಡುತ್ತಾರೆ. ಆದರೆ ಮಧ್ಯಾಹ್ನ ಯಾರೂ ಇಲ್ಲದಾಗ ಉಮ್ಮ ಅಟ್ಟದ ಡಬ್ಬಿಗೆ ಸ್ಟೂಲ್ ಹತ್ತುತ್ತಾರಾ, ನೆಲದಲ್ಲಿ ಕೂತು ಮೆಟ್ಟುಕತ್ತಿಯಲ್ಲಿ ಮೀನು ಕೊಯ್ಯುತ್ತಾರಾ ಅಂತ ಅವರನ್ನೇ ಕೇಳಿ. ದಿನಾ ಬೇಕಾಗುವ ಸಾಮಾನು ಸೊಂಟದಿಂದ ಭುಜದ ಎತ್ತರದೊಳಗೆ ಇದ್ದರೆ ಬಗ್ಗುವುದೂ ಇಲ್ಲ, ಹತ್ತುವುದೂ ಇಲ್ಲ.

ಆ ದಿನ ಯಾರಿರಬೇಕು?

ದಿನಾ ನೋಡಿಕೊಳ್ಳುವವರು ಇರಲೇಬೇಕು. ಸೊಸೆ ನೋಡಿಕೊಳ್ಳುತ್ತಿದ್ದು ಮಾತಾಡುವುದು ಮಾತ್ರ ಗಂಡಸರಾದರೆ ನಿಜ ಸ್ಥಿತಿ ಹೊರಗೆ ಬರುವುದಿಲ್ಲ. ಸ್ನಾನ, ಟಾಯ್ಲೆಟ್ ವಿಷಯ ಮಾತಾಡಲು ಮಹಿಳಾ ಥೆರಪಿಸ್ಟ್ ಬೇಕಾದರೆ ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿ. ಫೋಟೋ ತೆಗೆಯುವುದಿದ್ದರೆ ಜಾಗದ ಫೋಟೋ ಮಾತ್ರ ಸಾಕು ಅಂತ ಹೇಳುವ ಹಕ್ಕೂ ನಿಮಗಿದೆ.

ಭಾಷೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಬಂದವರಿಗೆ ಮಲಯಾಳಂ ಅಥವಾ ಇಂಗ್ಲಿಷ್ ಸುಲಭ, ಉಮ್ಮನಿಗೆ ಬ್ಯಾರಿ ಭಾಷೆ ಬಿಟ್ಟು ಬೇರೆ ಬಾಯಿಗೆ ಬರುವುದಿಲ್ಲ ಅಂತಾದರೆ ಮಧ್ಯೆ ಒಬ್ಬರು ಬೇಕು. ಕಾಲೇಜಿಗೆ ಹೋಗುವ ಮಕ್ಕಳು ಇದನ್ನು ಚೆನ್ನಾಗಿ ಮಾಡಬಲ್ಲರು. ಒಂದೇ ಶರತ್ತು: ಉಮ್ಮ ಹೇಳಿದ್ದನ್ನು ಹೇಳಿ, ಉಮ್ಮನ ಬದಲು ಹೇಳಬೇಡಿ. 'ರಾತ್ರಿ ಎಷ್ಟು ಸಲ ಏಳುತ್ತೀರಿ' ಅಂತ ಕೇಳಿದಾಗ ಅವರು ಯೋಚಿಸುವಷ್ಟು ಹೊತ್ತು ಸುಮ್ಮನಿರಿ.

ಗಲ್ಫಿನಲ್ಲಿರುವ ಮಗ ವಿಡಿಯೋ ಕಾಲ್‌ನಲ್ಲಿ ಸೇರುವುದಾದರೆ ಕೊನೆಯ ಹದಿನೈದು ನಿಮಿಷ ಸಾಕು. ದುಡ್ಡಿನ ತೀರ್ಮಾನ ಅವನದ್ದೇ ಆಗಿರುವುದರಿಂದ ಥೆರಪಿಸ್ಟ್ ಹೇಳುವುದನ್ನು ಅವನೇ ಕೇಳುವುದು ಒಳ್ಳೆಯದು. ಮೊದಲಿಂದ ಕೊನೆಯವರೆಗೆ ಫೋನ್ ಹಿಡಿದು ತಿರುಗಿದರೆ ಉಮ್ಮ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಭೇಟಿ ಮುಗಿದ ಮೇಲೆ

ಬಾಯಿಮಾತಿನಲ್ಲಿ ಬಿಡಬೇಡಿ, ಬರೆದು ಕೊಡಲು ಹೇಳಿ. ವರದಿ ಇಂಗ್ಲಿಷಿನಲ್ಲೋ ಮಲಯಾಳಂನಲ್ಲೋ ಇದ್ದರೆ ಕೆಲಸ ಮಾಡುವ ಮೇಸ್ತ್ರಿಗೂ ಮನೆಯವರಿಗೂ ಅರ್ಥವಾಗುವ ಹಾಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಳ್ಳಿ. ಹೋಗುವ ಮೊದಲು ಮೂರು ಪ್ರಶ್ನೆ ಕೇಳಿ: ಇವತ್ತೇ ಮಾಡಬೇಕಾದದ್ದು ಯಾವುದು? ಈ ತಿಂಗಳಲ್ಲಿ ಯಾವುದು? ದುಡ್ಡು ಸಾಲದಿದ್ದರೆ ಬಿಡಬಹುದಾದದ್ದು ಯಾವುದು?

ಹೆಚ್ಚಿನ ಬದಲಾವಣೆಗೆ ಖರ್ಚು ಕಡಿಮೆ. ಕಾಲೊರೆಸು ತೆಗೆಯುವುದು, ವಯರ್ ಗೋಡೆಗೆ ಸರಿಸುವುದು, ರಾತ್ರಿ ಬಲ್ಬ್, ಮಂಚದ ಜಾಗ ಬದಲಿಸುವುದು ಎಲ್ಲ ಒಂದೇ ದಿನದ ಕೆಲಸ. ಊರುಗೋಲು, ವಾಕರ್, ಗಾಲಿಕುರ್ಚಿಯಂಥ ಸಾಧನಗಳಿಗೆ 2017ರಲ್ಲಿ ಶುರುವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. 60 ದಾಟಿದ, ಬಿಪಿಎಲ್‌ನವರು ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದವರು ಅರ್ಹರು. ಶಿಬಿರಗಳ ಮೂಲಕ ಹಂಚುತ್ತಾರೆ, ದಿನಾಂಕವನ್ನು ಪಂಚಾಯತ್‌ನಲ್ಲಿ ವಿಚಾರಿಸುತ್ತಿರಿ. ಹಿರಿಯರೊಬ್ಬರು ತೀರಿಹೋದ ಮನೆಯಲ್ಲಿ ವಾಕರ್, ಕಮೋಡ್ ಕುರ್ಚಿ ಸುಮ್ಮನೆ ಧೂಳು ತಿನ್ನುತ್ತಿರುವುದೂ ಉಂಟು. ಊರಿನ ಯುವಕರ ಸಂಘಗಳು ಅವುಗಳನ್ನು ಸಂಗ್ರಹಿಸಿ ಬೇಕಾದವರಿಗೆ ಕೊಡುವ ಏರ್ಪಾಡು ಮಾಡಿದರೆ ಬಹಳ ಉಪಕಾರ. ಆದರೆ ಇನ್ನೊಬ್ಬರ ವಾಕರ್ ತಂದಾಗ ಎತ್ತರ ಸರಿಮಾಡಿ, ಕಾಲಿನ ರಬ್ಬರ್ ಸವೆದಿದ್ದರೆ ಬದಲಿಸಿ.

ಬದಲಾವಣೆ ಮಾಡಿ ಒಂದು ತಿಂಗಳಾದ ಮೇಲೆ ಮತ್ತೆ ಬರೆದ ಪುಸ್ತಕ ತೆಗೆದು ನೋಡಿ. ಹಾಕಿಸಿದ ಗ್ರ್ಯಾಬ್ ಬಾರ್ ಹಿಡಿಯುತ್ತಿದ್ದಾರಾ? ಇಲ್ಲದಿದ್ದರೆ ಬೈಯಬೇಡಿ, ಥೆರಪಿಸ್ಟ್‌ಗೆ ಫೋನ್ ಮಾಡಿ ಹೇಳಿ.

ಭೇಟಿಗೆ ಕಾಯಬಾರದ ಸಂದರ್ಭಗಳು

ಮುಖ ಒಂದು ಬದಿಗೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ಕೂಡಲೇ 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿ ಬಿದ್ದರೆ, ತಲೆಗೆ ಪೆಟ್ಟಾದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಾದರೆ, ನೋವಿಲ್ಲ ಅಂದರೂ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಕಾಲು ಊರಲಾಗದಿದ್ದರೆ ಎಳೆದು ಎಬ್ಬಿಸಬೇಡಿ.

ಇನ್ನು ಥೆರಪಿಸ್ಟ್ ಬಂದಾಗ ಚಹಾ ತಿಂಡಿ ಕೊಡಬಾರದು ಅಂತ ಯಾರೂ ಹೇಳಿಲ್ಲ, ಕೊಡಿ. ಆದರೆ ಅದನ್ನು ಉಮ್ಮನೇ ಎದ್ದು ಹೋಗಿ ತರಲಿ. ಅವರು ಹೇಗೆ ಎದ್ದರು, ಏನು ಹಿಡಿದರು, ಎಲ್ಲಿ ತಡವರಿಸಿದರು ಅಂತ ಥೆರಪಿಸ್ಟ್ ಹಿಂದೆಯೇ ನಡೆದು ನೋಡಲಿ.